ಯುದ್ಧಕಾಲದ ಸಾಗಣೆ ವಿಮಾನಗಳು ಯಾಕೆ ಬೀಳ್ತವೆ: ಮೈಸೂರು, ಮಂಡ್ಯ ಕಡೆ ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಬನ್ನಿಮಂಟಪದಲ್ಲಿ ದಸರಾ ಏರ್ ಶೋ ಆದಾಗ್ಲೆಲ್ಲ, ಇಲ್ಲಾ ವಾಯುಪಡೆಯ ಸಾಗಣೆ ವಿಮಾನ ಎಎನ್-32 ಬಗ್ಗೆ ಪೇಪರಲ್ಲಿ ಏನಾದ್ರೂ ಬಂದಾಗ್ಲೆಲ್ಲ ಅದದೇ ಪ್ರಶ್ನೆಗಳು ಬರ್ತವೆ. ಸೂರ್ಯಕಿರಣ್, ಸುಖೋಯ್ ಬಗ್ಗೆ ಎಲ್ಲರಿಗೂ ಗೊತ್ತು, ಅಕ್ಕಿ, ಪೆಟ್ರೋಲು, ಮದ್ದುಗುಂಡು, ಸೈನಿಕರನ್ನ ಹೊತ್ಕೊಂಡು ಹೋಗೋ ವಿಮಾನ ಮಾತ್ರ ಬಿದ್ದಾಗಷ್ಟೇ ನೆನಪಾಗೋದು. ಸರಸ್ವತಿಪುರಂ ಟೀ ಅಂಗಡಿಯಿಂದ ಹಿಡಿದು ಮದ್ದೂರಿನ ನೆಂಟರ ಮನೆವರ್ಗೂ ನನ್ನ ಕೇಳಿರೋ ಪ್ರಶ್ನೆಗಳನ್ನ ಒಂದು ಕಡೆ ಹಾಕಿದೀನಿ, ಕೆಲವಕ್ಕೆ ಉತ್ತರ ಉದ್ದ ಆಗಿದೆ, ಕೆಲವಕ್ಕೆ ಎರಡು ಲೈನು ಸಾಕಿತ್ತು.

ಯುದ್ಧದಲ್ಲಿ ಬಿತ್ತು ಅಂದ್ಮೇಲೆ ಶತ್ರು ಹೊಡೆದಿದ್ದೇ ತಾನೆ?

ಇಲ್ಲ ಕಣ್ರೀ. ದೊಡ್ಡ ಉದಾಹರಣೆ ನಮ್ಮ ದೇಶದ್ದೇ ಇದೆ. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದ್ರು, ಚೀನಾಕ್ಕೆ ಹೋಗೋ ರಸ್ತೆ ಬಂದ್ ಆಯ್ತು, ಆಗ ಅಮೆರಿಕದವರು ಅಸ್ಸಾಮಿನ ಚಬುವಾ, ದಿಂಜಾನ್, ಮೋಹನ್‌ಬಾರಿ ಅಂತ ಟೀ ತೋಟಗಳ ಮಧ್ಯ ಇದ್ದ ಏರ್‌ಫೀಲ್ಡ್‌ಗಳಿಂದ ಚೀನಾದ ಕುನ್ಮಿಂಗ್‌ಗೆ ವಿಮಾನದಲ್ಲೇ ಎಲ್ಲಾ ಸಾಗಿಸೋಕೆ ಶುರು ಮಾಡಿದ್ರು. ಮಧ್ಯ ಹಿಮಾಲಯದ ಪೂರ್ವದ ತುದಿ. ಆ ದಾರಿಗೆ ಪೈಲಟ್‌ಗಳು ಇಟ್ಟ ಹೆಸರು ಹಂಪ್. 1945ರ ನವೆಂಬರ್‌ವರ್ಗೂ ನಡೀತು, ಒಟ್ಟು ಸುಮಾರು 6.5 ಲಕ್ಷ ಟನ್ ಸಾಮಾನು ಹೋಯ್ತು, ಸಾಮಾನ್ಯವಾಗಿ ಹೇಳೋ ಲೆಕ್ಕದ ಪ್ರಕಾರ 590ಕ್ಕೂ ಹೆಚ್ಚು ವಿಮಾನ ಹೋದ್ವು, 1600ಕ್ಕೂ ಹೆಚ್ಚು ಜನ ಸತ್ರು ಇಲ್ಲಾ ಕಾಣೆಯಾದ್ರು. ಇದರಲ್ಲಿ ಜಪಾನಿ ಫೈಟರ್‌ಗಳು ಹೊಡೆದಿದ್ದು ಸಣ್ಣ ಪಾಲು. ಉಳಿದಿದ್ದೆಲ್ಲಾ ಬೆಟ್ಟ, ಮಂಜು, ಇಂಜಿನ್ನು, ಸುಸ್ತು, ಅವಸರ. ಕಣಿವೆಗಳಲ್ಲಿ ಎಷ್ಟು ವಿಮಾನದ ಚೂರು ಬಿದ್ದಿತ್ತು ಅಂದ್ರೆ ಬಿಸಿಲಿದ್ದ ದಿನ ಅದರ ಹೊಳಪು ನೋಡ್ಕೊಂಡೇ ದಾರಿ ಹಿಡೀಬಹುದು ಅಂತ ಪೈಲಟ್‌ಗಳು ಮಾತಾಡ್ಕೊಳ್ತಿದ್ರು, ಅದಕ್ಕೆ ಅಲ್ಯೂಮಿನಿಯಂ ಟ್ರೇಲ್ ಅನ್ನೋ ಹೆಸರೂ ಬಂತು.

ಹಾಗಂತ ಶತ್ರುವಿಗೆ ಸಂಬಂಧವೇ ಇಲ್ಲ ಅಂತಲ್ಲ. ಬರ್ಮಾದ ಮಿಟ್ಕಿನಾದಲ್ಲಿ ಜಪಾನಿ ಫೈಟರ್ ಬೇಸ್ ಇದ್ದಿದ್ದಕ್ಕೇ ಈ ವಿಮಾನಗಳು ಇನ್ನೂ ಉತ್ತರಕ್ಕೆ, ಇನ್ನೂ ಎತ್ತರದ ಬೆಟ್ಟಗಳ ಮೇಲೆ ಹೋಗ್ಬೇಕಾಗಿದ್ದು. ಅಲ್ಲಿ ಒಂದು ಗುಂಡೂ ಹಾರದೆ ಬೆಟ್ಟಕ್ಕೆ ಬಡಿದು ಸತ್ತವನನ್ನ ಯಾವ ಲೆಕ್ಕಕ್ಕೆ ಹಾಕ್ತೀರ? ರಿಪೋರ್ಟಲ್ಲಂತೂ ಹವಾಮಾನ ಅಂತ ಬರೆದು ಮುಗಿಸಿಬಿಡ್ತಾರೆ.

ಇದಕ್ಕೂ ನಮ್ಮ ಮೈಸೂರಿಗೂ ಏನಾದ್ರೂ ಸಂಬಂಧ ಇದ್ಯಾ?

ಇದೆ, ಚೆನ್ನಾಗೇ ಇದೆ. ಬೆಂಗಳೂರಿನ ಎಚ್‌ಎಎಲ್ ಶುರುವಾಗಿದ್ದು 1940ರ ಡಿಸೆಂಬರಲ್ಲಿ, ಆಗ ಹೆಸರು ಹಿಂದುಸ್ತಾನ್ ಏರ್‌ಕ್ರಾಫ್ಟ್. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಯೋಜನೆ, ಮಿರ್ಜಾ ಇಸ್ಮಾಯಿಲ್ ಸಾಹೇಬ್ರು ದಿವಾನರು, ಮೈಸೂರು ಸಂಸ್ಥಾನ ಜಾಗನೂ ಕೊಡ್ತು ದುಡ್ಡೂ ಹಾಕ್ತು. ಎಲ್ಲರೂ ನಾಲ್ವಡಿ ಕಾಲದ್ದು ಅಂತಾರೆ, ಆದ್ರೆ ನಾಲ್ವಡಿಯವರು 1940ರ ಆಗಸ್ಟಲ್ಲೇ ತೀರ್ಕೊಂಡಿದ್ರು, ಕಂಪನಿ ರಿಜಿಸ್ಟರ್ ಆದಾಗ ಪಟ್ಟದಲ್ಲಿ ಇದ್ದೋರು ಜಯಚಾಮರಾಜೇಂದ್ರ ಒಡೆಯರು.

1943ರಲ್ಲಿ ಆ ಫ್ಯಾಕ್ಟರೀನ ಅಮೆರಿಕದ ವಾಯುಪಡೆ ಕೈಗೆ ಕೊಟ್ರು. ಹೊಸ ವಿಮಾನ ಕಟ್ಟೋ ಕನಸೆಲ್ಲಾ ಪಕ್ಕಕ್ಕಿಟ್ಟು ರಿಪೇರಿ, ಓವರ್‌ಹಾಲ್ ಕೆಲಸ. ಡಕೋಟಾ (ಸಿ-47 ಅನ್ನೋದೂ ಇದನ್ನೇ), ಸಿ-46 ಅನ್ನೋ ಸಾಗಣೆ ವಿಮಾನಗಳು, ಮಿಚೆಲ್ ಬಾಂಬರು, ಕ್ಯಾಟಲೀನಾ ಅನ್ನೋ ನೀರಲ್ಲಿ ಇಳಿಯೋ ವಿಮಾನ, ಇವೆಲ್ಲಾ ಬೆಂಗಳೂರಿಗೆ ಬರ್ತಿದ್ವು, ಇಂಜಿನ್ ಬಿಚ್ಚಿ ಕ್ಲೀನ್ ಮಾಡಿ ಕೂರಿಸಿ ವಾಪಸ್ ಕಳಿಸ್ತಿದ್ರು. ಪೂರ್ವದ ಯುದ್ಧಕ್ಕೆ ಹಾರಿದ ಎಷ್ಟೋ ಇಂಜಿನ್ನು ಸಂಸ್ಥಾನದ ಮಣ್ಣಲ್ಲಿ ಇಲ್ಲಿನ ಹುಡುಗರ ಕೈಲಿ ಬಿಚ್ಚಿ ಜೋಡಿಸಿದ್ದು. ಹಂಪ್ ಬಗ್ಗೆ ಬರೆಯೋರು ಪೈಲಟ್‌ಗಳನ್ನ ಮಾತ್ರ ಹೊಗಳ್ತಾರೆ, ಮೆಕ್ಯಾನಿಕ್‌ಗಳನ್ನ ಯಾರೂ ನೆನೆಯಲ್ಲ, ಇದು ನನ್ನ ಹಳೇ ಕೋಪ.

ಬರೀ ಮಂಜುಗಡ್ಡೆ ಕೂತ್ರೆ ಇಷ್ಟು ದೊಡ್ಡ ವಿಮಾನ ಬೀಳುತ್ತಾ?

ಬೀಳುತ್ತೆ. ಜನ ಅಂದ್ಕೊಳ್ಳೋದು ಐಸ್ ಭಾರ ಜಾಸ್ತಿ ಆಗಿ ಬೀಳುತ್ತೆ ಅಂತ. ಭಾರನೂ ಸೇರುತ್ತೆ ನಿಜ, ಆದ್ರೆ ಅಸಲಿ ತೊಂದರೆ ರೆಕ್ಕೆಯ ಆಕಾರ ಕೆಡೋದು. ರೆಕ್ಕೆ ಮೇಲೆ ಗಾಳಿ ನಯವಾಗಿ ಹರಿದ್ರೇ ವಿಮಾನ ನಿಲ್ಲೋದು, ಮುಂದಿನ ಅಂಚಲ್ಲಿ ಒರಟು ಒರಟಾಗಿ ಐಸ್ ಕೂತ್ರೆ ಗಾಳಿ ಮೊದಲೇ ಕಿತ್ಕೊಳ್ಳುತ್ತೆ, ಮಾಮೂಲಾಗಿ ಸೇಫ್ ಆಗಿದ್ದ ಸ್ಪೀಡಲ್ಲೇ ವಿಮಾನ ಸ್ಟಾಲ್ ಆಗಿಬಿಡುತ್ತೆ, ಅಂದ್ರೆ ಎತ್ತೋ ಶಕ್ತಿನೇ ಹೋಗಿಬಿಡುತ್ತೆ. ಪ್ರೊಪೆಲ್ಲರ್ ಮೇಲೆ ಐಸ್ ಕೂತ್ರೆ ಎಳೆಯೋ ಬಲನೂ ಕಮ್ಮಿ. ಆಗಿನ ಕಾಲದ ಪಿಸ್ಟನ್ ಇಂಜಿನ್‌ನಲ್ಲಿ ಇನ್ನೊಂದು ಕಾಟ ಇತ್ತು, ಕಾರ್ಬ್ಯುರೇಟರ್ ಒಳಗೇ ಐಸ್ ಕಟ್ಟಿ ಇಂಜಿನ್ ಉಸಿರುಗಟ್ಟೋದು, ಹೊರಗೆ ಅಷ್ಟೇನೂ ಚಳಿ ಇಲ್ದಿದ್ರೂ ತೇವ ಇದ್ರೆ ಸಾಕು. 1944ರ ಡಿಸೆಂಬರ್ 15ಕ್ಕೆ ಸಂಗೀತಗಾರ ಗ್ಲೆನ್ ಮಿಲ್ಲರ್ ಇದ್ದ ಸಣ್ಣ ಮಿಲಿಟರಿ ವಿಮಾನ ಇಂಗ್ಲಿಷ್ ಕಾಲುವೆ ಮೇಲೆ ಕಾಣೆಯಾಗಿದ್ದಕ್ಕೂ ಇದೇ ಕಾರಣ ಇರಬಹುದು ಅಂತ ಬಲವಾದ ವಾದ ಇದೆ.

ಹಂಪ್‌ನಲ್ಲಿ ಸಿ-87 ಅಂತ ಒಂದು ವಿಮಾನ ಇತ್ತು, ಬಿ-24 ಬಾಂಬರ್‌ನೇ ಅವಸರಕ್ಕೆ ಸಾಗಣೆಗೆ ತಿರುಗಿಸಿದ್ದು. ಅದರ ರೆಕ್ಕೆಗೆ ಐಸ್ ಅಂದ್ರೆ ಆಗ್ತಾನೇ ಇರಲಿಲ್ಲ, ಪೈಲಟ್‌ಗಳು ಅದನ್ನ ಬೈಯ್ದೇ ಇದ್ದ ದಿನ ಇಲ್ಲ. ಅದೇ ಬಾಂಬರ್‌ನ ಪೆಟ್ರೋಲ್ ಟ್ಯಾಂಕರ್ ಮಾಡಿದ್ದು ಸಿ-109, ಅದರ ಕಥೆ ಇನ್ನೂ ಕಷ್ಟ, ಇಳಿಯುವಾಗ ಜಾರಿ ಬಿದ್ರೆ ಉಳಿಯೋ ಮಾತೇ ಇಲ್ಲ.

ಸಿ-46ನ ಹಾರೋ ಶವಪೆಟ್ಟಿಗೆ ಅಂತಿದ್ರಂತೆ, ಅಷ್ಟು ಕೆಟ್ಟ ವಿಮಾನನಾ?

ಕೆಟ್ಟ ವಿಮಾನ ಅನ್ನೋದಕ್ಕಿಂತ ಬೇಯೋಕೆ ಮುಂಚೆ ಇಳಿಸಿದ್ದು. ಡಕೋಟಾಗಿಂತ ದೊಡ್ಡದು, ಜಾಸ್ತಿ ಎತ್ತರಕ್ಕೆ ಜಾಸ್ತಿ ಸಾಮಾನು ಹೊರ್ತಿತ್ತು, ಅದಕ್ಕೇ 1943ರಲ್ಲಿ ಟೆಸ್ಟಿಂಗ್ ಪೂರ್ತಿ ಮುಗಿಯೋ ಮುಂಚೆ ಅಸ್ಸಾಮಿಗೆ ತಂದು ನಿಲ್ಲಿಸಿದ್ರು. ರೆಕ್ಕೆಯೊಳಗೆ ಪೆಟ್ರೋಲ್ ಲೀಕ್ ಆಗಿ ಆ ಹಬೆ ಹೊರಗೆ ಹೋಗೋಕೆ ಸರಿಯಾದ ದಾರಿ ಇಲ್ದೆ ರೆಕ್ಕೆ ಬುಡದಲ್ಲಿ ಸೇರ್ಕೊಳ್ತಿತ್ತು, ಒಂದು ಕಿಡಿ ಬಿದ್ರೆ ಮುಗೀತು. 1943ರ ಮೇ ಇಂದ 1945ರ ಮಾರ್ಚ್ ಒಳಗೆ ಗಾಳೀಲೇ ಬೆಂಕಿ ಹತ್ತಿದ್ದು ಇಲ್ಲಾ ಸಿಡಿದಿದ್ದು ಕನಿಷ್ಠ 31 ಸಿ-46 ಅಂತ ದಾಖಲೆ ಹೇಳುತ್ತೆ. ಪ್ರೊಪೆಲ್ಲರ್‌ನ ಎಲೆಕ್ಟ್ರಿಕ್ ಕಂಟ್ರೋಲ್ ಬೇರೆ ಕೈ ಕೊಡ್ತಿತ್ತು. ಆಮೇಲೆ ಒಂದೊಂದೇ ಸರಿ ಮಾಡಿದ್ರು, ಯುದ್ಧ ಮುಗಿದ್ಮೇಲೂ ದಶಕಗಟ್ಟಲೆ ಅದೇ ವಿಮಾನ ಸರಕು ಹೊರ್ತು. ಹೆಸರು ಮಾತ್ರ ಹೋಗ್ಲಿಲ್ಲ.

ಪೈಲಟ್ ತಪ್ಪು ಅಂತಾರಲ್ಲ, ಅದೆಷ್ಟು ನಿಜ?

ಇಲ್ಲಿ ಸ್ವಲ್ಪ ಕೂತು ಓದಿ, ನನ್ನ ಪ್ರಕಾರ ಇಡೀ ವಿಷ್ಯದ ಗುಟ್ಟು ಇಲ್ಲೇ ಇರೋದು. ಹಂಪ್‌ನಲ್ಲಿ ಒಂದು ರೂಲ್ ಇತ್ತು, 650 ಗಂಟೆ ಹಾರಿಸಿದ್ರೆ ಅವನ ಡ್ಯೂಟಿ ಮುಗೀತು, ಮನೆಗೆ ಹೋಗಬಹುದು. ಕೇಳೋಕೆ ನ್ಯಾಯವಾಗೇ ಇದೆ ಅಲ್ವಾ. ಆದ್ರೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗ ಏನ್ ಮಾಡ್ತಾನೆ? ಬೇಗ ಗಂಟೆ ತುಂಬಿಸ್ಕೊಂಡು ಊರಿಗೆ ಹೋಗೋಣ ಅಂತ ತಿಂಗಳಿಗೆ 150 ಗಂಟೆ ಮೇಲೆ ಹಾರಿಸ್ತಾನೆ, ನಿದ್ದೆ ಇಲ್ಲ, ಊಟ ಸರಿಯಿಲ್ಲ, ಬಿದಿರಿನ ಗುಡಿಸಲಲ್ಲಿ ಸೊಳ್ಳೆ ಮಲೇರಿಯಾ, ಅಂಥವನು ರಾತ್ರಿ ಹೊತ್ತು ಐಸ್ ಮೋಡದೊಳಗೆ ಒಂದು ಇಂಜಿನ್ ಹೋದಾಗ ತಪ್ಪು ಸ್ವಿಚ್ ಒತ್ತಿದ್ರೆ ಅದು ಪೈಲಟ್ ತಪ್ಪು. ಕಾಗದದ ಮೇಲೆ ಹೌದು. ಆದ್ರೆ ಆ ರೂಲ್ ಮಾಡಿ ಅವನನ್ನ ಆ ಸ್ಥಿತಿಗೆ ತಂದೋರು ಯಾರು ಅಂತ ಯಾವ ಫಾರಂನಲ್ಲೂ ಕಾಲಂ ಇಲ್ಲ. ಹವಾಮಾನ ಕೆಟ್ಟದಾಗಿದೆ ಅಂತ ಫ್ಲೈಟ್ ನಿಲ್ಲಿಸೋದು ಅವಮಾನ ಅನ್ನೋ ಥರದ ವಾತಾವರಣ ಬೇರೆ ಇತ್ತು. ತಿಂಗಳಿಗೆ ಎಷ್ಟು ಟನ್ ಅನ್ನೋದೊಂದೇ ಲೆಕ್ಕ.

1944ರ ಸೆಪ್ಟೆಂಬರಲ್ಲಿ ವಿಲಿಯಂ ಟನ್ನರ್ ಅಂತ ಹೊಸ ಕಮಾಂಡರ್ ಬಂದ. ಆತ 650ನ 750 ಗಂಟೆ ಮಾಡಿದ, ಜೊತೆಗೆ ಕನಿಷ್ಠ ಒಂದು ವರ್ಷ ಇರಲೇಬೇಕು ಅಂದ. ಅಂದ್ರೆ ಅವಸರ ಮಾಡಿದ್ರೂ ಲಾಭ ಇಲ್ಲ. ಹುಡುಗರು ಬೈಕೊಂಡ್ರು, ಆದ್ರೆ ನಿದ್ದೆ ಮಾಡೋಕೆ ಶುರು ಮಾಡಿದ್ರು. ಮೇಂಟೆನೆನ್ಸ್‌ನ ಫ್ಯಾಕ್ಟರಿ ಲೈನ್ ಥರ ಮಾಡಿದ, ವಿಮಾನ ಒಂದೊಂದು ನಿಲ್ದಾಣಕ್ಕೆ ಸರಿಯುತ್ತೆ, ಒಂದೊಂದು ಕಡೆ ಒಂದೊಂದು ಟೀಮ್ ತಮ್ಮ ಕೆಲಸ ಅಷ್ಟೇ ಮಾಡುತ್ತೆ. ಪ್ರತಿ ಅಪಘಾತನೂ ಕೂತು ಲೆಕ್ಕ ಹಾಕೋ ಸುರಕ್ಷತಾ ವಿಭಾಗ ಮಾಡಿದ. 1944ರ ಜನವರೀಲಿ ಪ್ರತಿ 1000 ಹಾರಾಟದ ಗಂಟೆಗೆ ಹತ್ರತ್ರ 2 ಅಪಘಾತ ಆಗ್ತಿತ್ತು, 1945ರಲ್ಲಿ ಅದು 0.5ಕ್ಕಿಂತ ಕೆಳಗೆ ಇಳೀತು. ಟನ್ ಕಮ್ಮಿ ಆಯ್ತಾ? ಇಲ್ಲ, 1945ರ ಜುಲೈ ಒಂದೇ ತಿಂಗಳಲ್ಲಿ 71,000 ಟನ್ ಹೋಯ್ತು. ಆಗಸ್ಟ್ 1ರಂದು ಒಂದೇ ದಿನ 1,118 ಟ್ರಿಪ್, 5,327 ಟನ್, ಒಂದೂ ಅಪಘಾತ ಇಲ್ಲ.

ಪೂರ್ತಿ ಕ್ರೆಡಿಟ್ ಟನ್ನರ್‌ಗೇ ಕೊಡೋದು ಸರಿಯಲ್ಲ ಅನ್ನೋದನ್ನೂ ಹೇಳ್ಬಿಡ್ತೀನಿ. 1944ರ ಆಗಸ್ಟ್ ಹೊತ್ತಿಗೆ ಮಿಟ್ಕಿನಾ ಮಿತ್ರಪಡೆ ಕೈಗೆ ಬಂದಿತ್ತು, ಹಾಗಾಗಿ ದಕ್ಷಿಣದ ತಗ್ಗು ಬೆಟ್ಟಗಳ ಮೇಲೆ ಹೋಗೋಕೆ ದಾರಿ ಆಯ್ತು, ನಾಲ್ಕು ಇಂಜಿನ್ನಿನ ಸಿ-54ಗಳು ಬಂದ್ವು. ಅಷ್ಟಾದ್ರೂ 1945ರ ಜನವರಿ 6, 7ರ ರಾತ್ರಿ ಬಂದ ಬಿರುಗಾಳಿಗೆ ಹತ್ತಕ್ಕೂ ಹೆಚ್ಚು ವಿಮಾನ ಹೋದ್ವು. ಹಾಗಾಗಿ ಹವಾಮಾನ ಸುಳ್ಳಲ್ಲ, ಆದ್ರೆ ಅದೇ ಆಕಾಶದಲ್ಲಿ ಅಪಘಾತ ಇಷ್ಟು ಕಮ್ಮಿ ಮಾಡೋಕೆ ಆಯ್ತು ಅಂದ್ಮೇಲೆ ಮುಂಚೆ ಸತ್ತವರಿಗೆಲ್ಲಾ ಹವಾಮಾನನೇ ಕಾರಣ ಅಂದ್ರೆ ನಾನು ಒಪ್ಪಲ್ಲ.

ಅಫ್ಘಾನಿಸ್ತಾನದಲ್ಲಿ ದೊಡ್ಡ ವಿಮಾನ ನಿಂತಲ್ಲೇ ನಿಂತು ಬಿದ್ದ ವಿಡಿಯೋ ಇದ್ಯಲ್ಲ, ಅದೇನು?

ಎಲ್ಲರ ವಾಟ್ಸಾಪ್‌ಗೂ ಬಂದಿರೋ ವಿಡಿಯೋ ಅದು. 2013ರ ಏಪ್ರಿಲ್ 29, ಬಗ್ರಾಮ್ ಏರ್‌ಬೇಸ್, ಬೋಯಿಂಗ್ 747 ಸರಕು ವಿಮಾನ. ವಾಯುಪಡೆದಲ್ಲ, ಖಾಸಗಿ ಕಂಪನೀದು, ಆದ್ರೆ ಹೊತ್ತಿದ್ದು ಸೇನೆಯ ಐದು ಶಸ್ತ್ರಸಜ್ಜಿತ ವಾಹನ, ಕೆಲವು 12 ಟನ್, ಕೆಲವು 18 ಟನ್. ಮೇಲೇರ್ತಿದ್ದ ಹಾಗೇ ಮೂಗು ಎತ್ಕೊಂಡು, ಸ್ಪೀಡ್ ಸತ್ತು, ಪಕ್ಕಕ್ಕೆ ವಾಲಿ ಬಿತ್ತು, 7 ಜನ ಸಿಬ್ಬಂದಿ ಸತ್ರು.

ನಮ್ಮ ಮಂಡ್ಯ ಕಡೆಯೋರಿಗೆ ತೂಕ ಹಿಂದಕ್ಕೆ ಹೋದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ, ಕಬ್ಬಿನ ಸೀಸನ್ನಲ್ಲಿ ಟ್ರೈಲರ್ ತುಂಬಾ ಹೇರ್ಕೊಂಡು ಏರು ಹತ್ತೋ ಟ್ರ್ಯಾಕ್ಟರಿನ ಮುಂದಿನ ಚಕ್ರ ಎದ್ದಾಗ ಸ್ಟೀರಿಂಗ್ ಹಿಡಿದವನ ಕೈಲಿ ಏನೂ ಇರಲ್ಲ, ಅದನ್ನ ಎಲ್ಲರೂ ನೋಡಿದೀರ. ವಿಡಿಯೋ ನೋಡಿದ ಜಗತ್ತೂ ಅದೇ ಅಂದ್ಕೊಳ್ತು. ಆದ್ರೆ ಅಮೆರಿಕದ ತನಿಖಾ ಮಂಡಳಿ ಹೇಳಿದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಸ್ಟ್ರ್ಯಾಪ್ ಕಿತ್ಕೊಂಡು ಹಿಂದಕ್ಕೆ ಉರುಳಿದ ವಾಹನ ಹೋಗಿ ಗುದ್ದಿದ್ದು ಹೈಡ್ರಾಲಿಕ್ ಪೈಪ್‌ಗಳಿಗೂ, ಬಾಲದ ರೆಕ್ಕೆಯ ಕೋನ ತಿರುಗಿಸೋ ದೊಡ್ಡ ಸ್ಕ್ರೂಗೂ. ಬಾಲನೇ ಕೈ ಬಿಟ್ಟ ಮೇಲೆ ಪೈಲಟ್ ಏನ್ ಮಾಡಿದ್ರೂ ಮೂಗು ಇಳಿಯಲ್ಲ. ಬಗ್ರಾಮ್‌ಗೆ ಬರೋ ದಾರೀಲೇ ಒಂದು ಸ್ಟ್ರ್ಯಾಪ್ ತುಂಡಾಗಿದ್ದನ್ನ ಸಿಬ್ಬಂದಿ ನೋಡಿದ್ರು, ಮಾತಾಡ್ಕೊಂಡಿದ್ರು, ಅದು ರೆಕಾರ್ಡ್ ಆಗಿದೆ. ಇಂಥ ಭಾರದ ವಾಹನ ಹೇಗೆ ಕಟ್ಟಬೇಕು ಅನ್ನೋ ಮುಖ್ಯವಾದ ಮಾಹಿತಿನೇ ಕಂಪನಿಯ ಕೈಪಿಡೀಲಿ ಸರಿ ಇರಲಿಲ್ಲ. ಸಾಮಾನು ಸರಿಯಾಗಿ ಹೇರಿ ಕಟ್ಟಿಸೋ ಲೋಡ್‌ಮಾಸ್ಟರ್ ಅನ್ನೋ ಕೆಲಸದ ಬೆಲೆ ಗೊತ್ತಾಗೋದು ಇಂಥಲ್ಲಿ.

ಒಂದು ಡಬ್ಬಿಯಿಂದ ವಿಮಾನ ಬಿತ್ತು ಅಂತ ಕೇಳಿದೀನಿ, ನಿಜನಾ ಸುಳ್ಳಾ?

ನಿಜ. 2015ರ ಅಕ್ಟೋಬರ್ 2, ಅಫ್ಘಾನಿಸ್ತಾನದ ಜಲಾಲಾಬಾದ್, ಅಮೆರಿಕದ ಸಿ-130ಜೆ ಸಾಗಣೆ ವಿಮಾನ. ಸಾಮಾನು ಇಳಿಸಿ ಹತ್ತಿಸುವಾಗ ಬಾಲದ ಎಲಿವೇಟರ್, ಅಂದ್ರೆ ಮೂಗು ಮೇಲೆ ಕೆಳಗೆ ಮಾಡೋ ಪಟ್ಟಿ, ಕೆಳಗೆ ಜೋತಾಡ್ತಿದ್ರೆ ಎತ್ತರದ ಲೋಡ್‌ಗೆ ಅಡ್ಡ, ಅದಕ್ಕೆ ಪೈಲಟ್ ಕಂಟ್ರೋಲ್ ಕೋಲನ್ನ ಹಿಂದಕ್ಕೆಳೆದು, ಅದು ಮುಂದೆ ಹೋಗದೆ ಇರ್ಲಿ ಅಂತ ನೈಟ್ ವಿಷನ್ ಕನ್ನಡಕದ ಗಟ್ಟಿ ಡಬ್ಬಿನ ಮುಂದೆ ಸಿಕ್ಕಿಸಿದ. ಆಮೇಲೆ ತೆಗೆಯೋದು ಮರೆತ್ರು. ಕತ್ತಲು, ಕಣ್ಣಿಗೆ ನೈಟ್ ವಿಷನ್, ಡಬ್ಬಿ ಕಾಣ್ಲಿಲ್ಲ. ಟೇಕಾಫ್ ಆಯ್ತು, ಮೂಗು ಮೇಲೆ ಮೇಲೆ ಹೋಗ್ತಾನೇ ಇದೆ, ಇದು ಬೇರೇನೋ ಟ್ರಿಮ್ (ವಿಮಾನದ ಸಮತೋಲ ಹೊಂದಿಸೋ ವ್ಯವಸ್ಥೆ) ತೊಂದರೆ ಅಂದ್ಕೊಂಡ್ರು, ಸೆಕೆಂಡುಗಳಲ್ಲಿ ಮುಗೀತು. ಒಳಗೆ 11 ಜನ, ನೆಲದ ಮೇಲೆ 3 ಜನ, ಒಟ್ಟು 14. ಮೊದಲು ತಾಲಿಬಾನಿಗಳು ನಾವೇ ಹೊಡೆದಿದ್ದು ಅಂತ ಹೇಳ್ಕೊಂಡ್ರು. ಯುದ್ಧದಲ್ಲಿ ಬಿದ್ದ ವಿಮಾನಕ್ಕೆ ವಾರಸುದಾರರು ಬೇಗ ಹುಟ್ಕೊಳ್ತಾರೆ.

ಕಂಟ್ರೋಲ್ ಸಿಕ್ಕಿಹಾಕ್ಕೊಳ್ಳೋದು ಹಳೇ ಕಾಯಿಲೆ. 1943ರ ಜುಲೈ 4ರಂದು ಪೋಲೆಂಡಿನ ಪ್ರಧಾನಿ ಸಿಕೋರ್ಸ್ಕಿ ಇದ್ದ ಲಿಬರೇಟರ್ ವಿಮಾನ ಜಿಬ್ರಾಲ್ಟರಲ್ಲಿ ಟೇಕಾಫ್ ಆದ ಕೂಡ್ಲೆ ಸಮುದ್ರಕ್ಕೆ ಬಿತ್ತು, ಪೈಲಟ್ ಒಬ್ಬನೇ ಉಳಿದಿದ್ದು. ಎಲಿವೇಟರ್ ಕಂಟ್ರೋಲ್ ಜಾಮ್ ಆಗಿತ್ತು ಅಂತ ಬ್ರಿಟಿಷ್ ತನಿಖೆ ಹೇಳ್ತು, ಹೇಗೆ ಜಾಮ್ ಆಯ್ತು ಅಂತ ಹೇಳೋಕಾಗ್ಲಿಲ್ಲ, ಅಲ್ಲಿಂದ ಶುರುವಾದ ಪಿತೂರಿ ಕಥೆಗಳು ಇವತ್ತಿಗೂ ನಿಂತಿಲ್ಲ.

ಸ್ವಂತದವರೇ ಹೊಡೆದುಹಾಕಿದ್ದು ಇದ್ಯಾ?

ಇದೆ, ಓದೋಕೇ ಸಂಕಟ ಆಗೋಷ್ಟು. 1943ರ ಜುಲೈ 11ರ ರಾತ್ರಿ ಸಿಸಿಲಿಯಲ್ಲಿ ಅಮೆರಿಕದ ಪ್ಯಾರಾಚೂಟ್ ಸೈನಿಕರನ್ನ ಹೊತ್ತ 144 ಸಿ-47ಗಳು ಬಂದ್ವು. ಸ್ವಲ್ಪ ಮುಂಚೆ ತಾನೆ ಜರ್ಮನ್ ಬಾಂಬರ್‌ಗಳು ಬಂದು ಹೊಡೆದು ಹೋಗಿದ್ವು, ಕೆಳಗೆ ಹಡಗಲ್ಲಿ, ದಡದಲ್ಲಿ ಇದ್ದೋರೆಲ್ಲ ಬೆದರಿ ಕೂತಿದ್ರು. ಒಬ್ಬ ಗುಂಡು ಹಾರಿಸಿದ, ನೋಡಿದೋರೆಲ್ಲ ಹಾರಿಸಿದ್ರು. 23 ವಿಮಾನ ಬಿದ್ವು, ಹೊಡೆದೋರೂ ಅಮೆರಿಕದವರೇ ಸತ್ತೋರೂ ಅಮೆರಿಕದವರೇ. ಮುಂದಿನ ವರ್ಷ ನಾರ್ಮಂಡಿಗೆ ಹೋದ ವಿಮಾನಗಳ ರೆಕ್ಕೆ ಮೇಲೆ ಕಪ್ಪು ಬಿಳಿ ದಪ್ಪ ಪಟ್ಟೆ ಇದೆಯಲ್ಲ ಫೋಟೋಗಳಲ್ಲಿ, ಅದನ್ನ ಬಳಿದಿದ್ದು ನಮ್ಮೋರೇ ನಮ್ಮನ್ನ ಹೊಡೀದೆ ಇರ್ಲಿ ಅಂತ.

ವಿಯೆಟ್ನಾಂನಲ್ಲಿ 1967ರ ಆಗಸ್ಟ್ 3ರಂದು ಡುಕ್ ಫೊ ಅನ್ನೋ ಕಡೆ ಇಳಿಯೋಕೆ ಬರ್ತಿದ್ದ ಕಾರಿಬೂ ವಿಮಾನ ಸ್ವಂತ ಫಿರಂಗಿಯ ಗುಂಡಿನ ದಾರಿಗೇ ಅಡ್ಡ ಬಂತು, ಬಾಲ ತುಂಡಾಗಿ ಬೀಳ್ತಿರೋ ಫೋಟೋ ಇದೆ, ಮೂರು ಜನ ಸತ್ರು. ಫಿರಂಗಿಯವರಿಗೂ ರನ್‌ವೇಗೂ ಮಧ್ಯ ಒಂದು ಫೋನ್ ಕಾಲ್‌ನಷ್ಟು ಕೆಲಸ.

ಹಾಗಾದ್ರೆ ಶತ್ರು ಹೊಡೆದಿದ್ದು ಯಾವುದೂ ಇಲ್ವಾ?

ಇದೆಯಲ್ಲ. ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಹಾಕ್ಕೊಂಡ ಜರ್ಮನ್ ಸೈನ್ಯಕ್ಕೆ 1942ರ ನವೆಂಬರ್ ಕೊನೆಯಿಂದ ವಿಮಾನದಲ್ಲಿ ಸಾಮಾನು ಕಳಿಸೋಕೆ ಹೋಗಿ ಸುಮಾರು 488 ವಿಮಾನ ಕಳ್ಕೊಂಡ್ರು. ರಷ್ಯನ್ ಫೈಟರು, ವಿಮಾನ ನಿರೋಧಕ ಫಿರಂಗಿ ದೊಡ್ಡ ಕಾರಣ, ಆದ್ರೆ ಅಲ್ಲೂ ಐಸ್, ಮಂಜು, ಸ್ಟಾರ್ಟ್ ಆಗದ ಇಂಜಿನ್ನು ಪಾಲು ಕೇಳಿದ್ವು. ದಿನಕ್ಕೆ ಕನಿಷ್ಠ 300 ಟನ್ ಬೇಕಿದ್ದ ಕಡೆ ಸರಾಸರಿ 100ರ ಆಸುಪಾಸು ತಲುಪಿದ್ದು. ಆಗಲ್ಲ ಅಂತ ಗೊತ್ತಿದ್ದೂ ಆಗುತ್ತೆ ಅಂತ ಮೇಲೆ ಕೂತೋರು ಮಾತು ಕೊಟ್ಟಿದ್ರು.

ಈಚಿನದ್ದು ಬೇಕಾದ್ರೆ 2005ರ ಜನವರಿ 30, ಇರಾಕ್, ಬ್ರಿಟಿಷ್ ಹರ್ಕ್ಯುಲಿಸ್ ಸಾಗಣೆ ವಿಮಾನ, 10 ಜನ ಸತ್ರು. ನೆಲದಿಂದ ಹಾರಿಸಿದ ಗುಂಡು ರೆಕ್ಕೆಯ ಪೆಟ್ರೋಲ್ ಟ್ಯಾಂಕಿಗೆ ಬಿದ್ದು ಸ್ಫೋಟ ಆಯ್ತು. ಟ್ಯಾಂಕಿನೊಳಗೆ ಸ್ಫೋಟ ತಡೆಯೋ ಫೋಮ್ ಹಾಕೋ ಪದ್ಧತಿ ಅಮೆರಿಕದವರಲ್ಲಿ ವಿಯೆಟ್ನಾಂ ಕಾಲದಿಂದ ಇತ್ತು, ಇವರ ವಿಮಾನದಲ್ಲಿ ಇರಲಿಲ್ಲ, ಬಿದ್ದಮೇಲೆ ಹಾಕಿಸಿದ್ರು. 2014ರ ಜೂನ್ 14ರಂದು ಯುಕ್ರೇನಿನ ಲುಹಾನ್ಸ್ಕ್‌ನಲ್ಲಿ ಇಳಿಯೋಕೆ ಬರ್ತಿದ್ದ ಐಎಲ್-76ನ ಹೊಡೆದ್ರು, 49 ಜನ. ಸಾಗಣೆ ವಿಮಾನ ನಿಧಾನ, ದೊಡ್ಡದು, ಇಳಿಯುವಾಗ ಎಲ್ಲರಿಗೂ ಕಾಣುತ್ತೆ, ಹೊಡೆಯೋನಿಗೆ ಅದೇ ಒಳ್ಳೇ ಟೈಮು.

ನೇತಾಜಿ ವಿಮಾನದ ಬಗ್ಗೆ ನೀವೇನಂತೀರ?

ಇದನ್ನ ಕೇಳದೇ ಇರೋರು ಯಾರೂ ಇಲ್ಲ. 1945ರ ಆಗಸ್ಟ್ 18, ಆಗಿನ ತೈಹೋಕು, ಈಗಿನ ತೈಪೆ. ಜಪಾನಿನ ಕಿ-21, ಅಸಲಿಗೆ ಬಾಂಬರ್, ಜನರನ್ನ ಕರ್ಕೊಂಡು ಹೋಗೋಕೆ ಬಳಸಿದ್ದು. ಬದುಕಿ ಉಳಿದೋರ ಹೇಳಿಕೆ ಪ್ರಕಾರ ಭಾರ ಜಾಸ್ತಿ ಇತ್ತು, ಟೇಕಾಫ್ ಆಗ್ತಿದ್ದ ಹಾಗೇ ಎಡಗಡೆ ಪ್ರೊಪೆಲ್ಲರ್ ಕಿತ್ತೋಯ್ತು, ವಿಮಾನ ಬಿದ್ದು ಒಡೀತು, ಮೈಮೇಲೆ ಪೆಟ್ರೋಲ್ ಬಿದ್ದು ಬೆಂಕಿ ಹತ್ತಿದ ನೇತಾಜಿ ಅವತ್ತು ರಾತ್ರಿ ಆಸ್ಪತ್ರೇಲಿ ತೀರ್ಕೊಂಡ್ರು. 1956ರ ಶಾ ನವಾಜ್ ಸಮಿತಿ, 1974ರ ಖೋಸ್ಲಾ ಆಯೋಗ ಇದನ್ನ ಒಪ್ಪಿದ್ವು. ಮುಖರ್ಜಿ ಆಯೋಗ ಒಪ್ಪಲಿಲ್ಲ, ಅದರ ವರದೀನ 2006ರಲ್ಲಿ ಸರ್ಕಾರ ತಿರಸ್ಕರಿಸ್ತು. 2016ರ ಜನವರಿ 23ರಂದು 100 ಫೈಲ್ ಬಹಿರಂಗ ಮಾಡಿದ್ರು, ಜಗಳ ನಿಂತಿಲ್ಲ. ನಾನು ನೋಡೋದು ವಿಮಾನದ ಕಡೆಯಿಂದ: ಯುದ್ಧ ಸೋತು ಮೂರು ದಿನ ಆಗಿರೋ ಸೇನೆ, ಹಳೇ ಬಾಂಬರು, ಜಾಸ್ತಿ ಭಾರ. ಅಂಥ ವಿಮಾನ ಟೇಕಾಫ್‌ನಲ್ಲಿ ಬೀಳೋದಕ್ಕೆ ಪಿತೂರಿ ಬೇಕಾಗಿಲ್ಲ.

ಮಕ್ಕಳನ್ನ ಕರ್ಕೊಂಡು ಹೋಗ್ತಿದ್ದ ವಿಮಾನ ಬಿದ್ದಿತ್ತಂತೆ?

1975ರ ಏಪ್ರಿಲ್ 4, ಸೈಗಾನ್. ಯುದ್ಧ ಸೋಲೋ ಹಂತಕ್ಕೆ ಬಂದಿತ್ತು, ಅನಾಥ ಮಕ್ಕಳನ್ನ ಅಮೆರಿಕಕ್ಕೆ ಸಾಗಿಸೋ ಆಪರೇಷನ್ ಬೇಬಿಲಿಫ್ಟ್‌ನ ಮೊದಲ ಮಿಲಿಟರಿ ವಿಮಾನ, ಸಿ-5ಎ ಗ್ಯಾಲಕ್ಸಿ. ಸಮುದ್ರದ ಮೇಲೆ 23,000 ಅಡೀಲಿ ಹಿಂದಿನ ಬಾಗಿಲ ಲಾಕ್‌ಗಳು ಕೈಕೊಟ್ವು, ಒಳಗಿನ ಒತ್ತಡಕ್ಕೆ ಬಾಗಿಲು ಸಿಡಿದು ಹೋಗುವಾಗ ಬಾಲಕ್ಕೆ ಹೋಗೋ ಹೈಡ್ರಾಲಿಕ್ ಲೈನುಗಳನ್ನೂ ಕತ್ತರಿಸ್ಕೊಂಡು ಹೋಯ್ತು. ಪೈಲಟ್‌ಗಳು ಇಂಜಿನ್ ಪವರ್ ಜಾಸ್ತಿ ಕಮ್ಮಿ ಮಾಡ್ತಾ ವಾಪಸ್ ತಿರುಗಿಸಿದ್ದೇ ದೊಡ್ಡದು, ರನ್‌ವೇ ಸಿಗಲಿಲ್ಲ, ಭತ್ತದ ಗದ್ದೆಗೆ ಇಳಿಸಿದ್ರು. 138 ಜನ ಸತ್ರು, ಅದರಲ್ಲಿ 78 ಮಕ್ಕಳು. 170ಕ್ಕೂ ಹೆಚ್ಚು ಜನ ಉಳಿದ್ರು. ಬಿಡಿಭಾಗ ಸಿಗದೆ ಆ ಲಾಕ್‌ಗಳ ಪಾರ್ಟ್ಸ್ ಬಿಚ್ಚಿ ಬೇರೆ ವಿಮಾನಕ್ಕೆ ಹಾಕಿ, ಆಮೇಲೆ ಸರಿಯಾಗಿ ಜೋಡಿಸಿರಲಿಲ್ಲ ಅಂತ ತನಿಖೇಲಿ ಬಂತು. ಗುಂಡು ಹಾರಲಿಲ್ಲ, ಬಾಂಬ್ ಇರಲಿಲ್ಲ.

ನಮ್ಮ ವಾಯುಪಡೆಯ ಯುದ್ಧಕಾಲದ ಕಥೆ ಏನು?

1947ರ ಅಕ್ಟೋಬರ್ 27ರಂದು ಡಕೋಟಾಗಳು ಸೈನಿಕರನ್ನ ಶ್ರೀನಗರಕ್ಕೆ ಇಳಿಸದೇ ಇದ್ದಿದ್ರೆ ನಕ್ಷೆನೇ ಬೇರೆ ಇರ್ತಿತ್ತು. 1948ರ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಡಕೋಟಾ ಇಳಿಸಿದ್ರು, 11,000 ಅಡಿ ಮೇಲಿನ ಮರಳಿನ ಪಟ್ಟಿ, ನಕ್ಷೆ ಇಲ್ಲ, ಐಸ್ ತೆಗೆಯೋ ಡಿ-ಐಸಿಂಗ್ ವ್ಯವಸ್ಥೆ ಇಲ್ಲ. ಜೊತೇಲಿ ಕೂತಿದ್ದು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಮೇಲೆ ಹೇಳಿದ ಹಂಪ್ ಅಪಘಾತಗಳಿಗೆ ಇದ್ದ ಕಾರಣಗಳೆಲ್ಲ ಇಲ್ಲೂ ಇದ್ವು, ಅವತ್ತು ಬಚಾವಾದ್ರು. ಯಶಸ್ಸಾದ್ರೆ ಸಾಹಸ ಅಂತೀವಿ, ಅದೇ ಬಿದ್ದಿದ್ರೆ ಯಾರು ಹೋಗೋಕೆ ಹೇಳಿದ್ದು ಅಂತ ಕೇಳ್ತಿದ್ವಿ.

1962ರ ಜುಲೈನಲ್ಲಿ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, 16,000 ಅಡಿ ಮೇಲೆ, ಸಿ-119 ಪ್ಯಾಕೆಟ್ ವಿಮಾನ ಇಳೀತು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಇಂಜಿನ್ನಿಗೂ ಬಲ ಕಮ್ಮಿ ರೆಕ್ಕೆಗೂ ಬಲ ಕಮ್ಮಿ, ಹಾಗಾಗಿ ನಮ್ಮೋರು ಪ್ಯಾಕೆಟ್‌ನ ಬೆನ್ನ ಮೇಲೆ ಒಂದು ಜೆಟ್ ಇಂಜಿನ್ ಕೂರಿಸಿಬಿಟ್ಟಿದ್ರು. ನೋಡೋಕೆ ವಿಚಿತ್ರ, ಆದ್ರೆ ಎಷ್ಟೋ ಪ್ರಾಣ ಉಳಿಸಿದ ಬುದ್ಧಿವಂತಿಕೆ.

ವಿಮಾನ ಬಿದ್ಮೇಲೆ ವರ್ಷಗಟ್ಟಲೆ ಯಾಕೆ ಸಿಗಲ್ಲ?

1968ರ ಫೆಬ್ರವರಿ 7ರಂದು ನಮ್ಮ ಎಎನ್-12 ಲೇಹ್‌ಗೆ ಹೋಗಿ ಹವಾಮಾನ ಸರಿಯಿಲ್ಲ ಅಂತ ಚಂಡೀಗಢಕ್ಕೆ ವಾಪಸ್ ಬರುವಾಗ ರೋಹ್ತಂಗ್ ಹತ್ರ ಕಾಣೆಯಾಯ್ತು, 102 ಜನ. 2003ರಲ್ಲಿ ಪರ್ವತಾರೋಹಿಗಳಿಗೆ ಹಿಮನದೀಲಿ ಅವಶೇಷ ಸಿಕ್ತು, ಅಲ್ಲಿಂದ ಆಗೊಂದು ಈಗೊಂದು ದೇಹ, 2024ರಲ್ಲಿ ಇನ್ನೂ ನಾಲ್ಕು. ಹಿಮನದಿ ನಿಧಾನಕ್ಕೆ ಚಲಿಸುತ್ತೆ, ಅದು ಕೊಟ್ಟಾಗ ತಗೋಬೇಕು. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32, 29 ಜನ, 2024ರ ಜನವರೀಲಿ ಚೆನ್ನೈ ಕರಾವಳಿಯಿಂದ 310 ಕಿಲೋಮೀಟರ್ ದೂರ, 3,400 ಮೀಟರ್ ಆಳದಲ್ಲಿ ಅದರ ಚೂರುಗಳ ಫೋಟೋ ಸಿಕ್ತು. ಇವೆರಡೂ ಯುದ್ಧಕಾಲದ್ದಲ್ಲ, ಆದ್ರೆ ಕೇಳೋರು ಇವನ್ನೇ ಕೇಳೋದು.

ಹಂಪ್‌ನವಂತೂ ಅರುಣಾಚಲದ ಕಾಡುಗಳಲ್ಲಿ ಇನ್ನೂ ಸಿಗ್ತಾನೇ ಇವೆ, ಬೇಟೆಗೆ ಹೋದ ಊರಿನೋರೇ ಎಷ್ಟೋ ಜಾಗ ತೋರಿಸಿದ್ದು. 2023ರ ನವೆಂಬರಲ್ಲಿ ಪಾಸಿಘಾಟ್‌ನಲ್ಲಿ ಇದಕ್ಕೇ ಅಂತ ಮ್ಯೂಸಿಯಂ ತೆರೆದಿದ್ದಾರೆ.

ಪ್ಯಾರಾಚೂಟ್ ಹಾಕ್ಕೊಂಡು ಹಾರಬಹುದಲ್ಲ?

ಟೈಮ್ ಇದ್ರೆ. ಟೇಕಾಫ್, ಲ್ಯಾಂಡಿಂಗಲ್ಲಿ ಬೀಳೋದಕ್ಕೆ ಪ್ಯಾರಾಚೂಟ್ ಪ್ರಯೋಜನ ಇಲ್ಲ, ಅಷ್ಟು ಎತ್ತರನೇ ಇರಲ್ಲ. ಹಂಪ್‌ನಲ್ಲಿ ಹಾರಿ ಉಳಿದೋರು ತುಂಬಾ ಜನ. 1943ರ ಆಗಸ್ಟ್ 2ರಂದು ಪತ್ರಕರ್ತ ಎರಿಕ್ ಸೆವರೈಡ್ ಇದ್ದ ಸಿ-46ನ ಇಂಜಿನ್ ಕೈಕೊಟ್ಟು ಎಲ್ಲಾ ನಾಗಾ ಬೆಟ್ಟಗಳ ಮೇಲೆ ಹಾರಿದ್ರು, ಕೋ-ಪೈಲಟ್ ಒಬ್ಬ ಸತ್ತ, ಉಳಿದ 20 ಜನ ಬದುಕಿದ್ರು. ಗಾಯಾಳುಗಳನ್ನ ನೋಡ್ಕೊಳ್ಳೋಕೆ ಅಂತ ಸೇನಾ ವೈದ್ಯ ಫ್ಲಿಕಿಂಜರ್ ಇಬ್ಬರು ಸಹಾಯಕರ ಜೊತೆ ಅದೇ ಕಾಡಿಗೆ ತಾವೂ ಹಾರಿದ್ರು. ಇವೆಲ್ಲ ಓದಿದ್ರೆ ಯಾರಿಗೆ ಮೆಡಲ್ ಕೊಡ್ಬೇಕು ಅಂತ ಗೊಂದಲ ಆಗುತ್ತೆ.

ಸರ್ಕಾರಗಳು ಮುಚ್ಚಿಡ್ತಾವಾ?

ಯುದ್ಧಕಾಲದಲ್ಲಿ ಮುಚ್ಚಿಟ್ಟಿದ್ದುಂಟು. 1943ರ ಜೂನ್ 14ರಂದು ಆಸ್ಟ್ರೇಲಿಯಾದ ಬೇಕರ್ಸ್ ಕ್ರೀಕ್‌ನಲ್ಲಿ ರಜೆ ಮುಗಿಸಿ ಹೊರಟಿದ್ದ ಅಮೆರಿಕದ ಸೈನಿಕರ ಬಿ-17 ಬಿತ್ತು, 41 ಜನರಲ್ಲಿ ಒಬ್ಬನೇ ಉಳಿದ. ಸೆನ್ಸಾರ್ ಕಾರಣ ಸುದ್ದಿ ಹೊರಗೆ ಬಿಡಲಿಲ್ಲ, ಮನೆಯೋರಿಗೆ ಪೆಸಿಫಿಕ್‌ನಲ್ಲಿ ವಿಮಾನ ಅಪಘಾತ ಅಂತಷ್ಟೇ ತಿಳಿಸಿದ್ರು. ಯಾವ ಊರು ಅಂತ ಗೊತ್ತಾಗೋಕೆ ಕೆಲವರಿಗೆ ದಶಕಗಳೇ ಬೇಕಾಯ್ತು.

ನಮ್ಮ ಮಗ ವಾಯುಪಡೆಗೆ ಹೋಗ್ಬೇಕು ಅಂತಾನೆ, ಟ್ರಾನ್ಸ್‌ಪೋರ್ಟ್ ಪೈಲಟ್ ಆದ್ರೆ ಸೇಫಾ?

ಅಮ್ಮಂದಿರೇ ಜಾಸ್ತಿ ಕೇಳೋ ಪ್ರಶ್ನೆ. ನೋಡಿ ಅಕ್ಕ, ಹಂಪ್ ಕಾಲಕ್ಕೂ ಈಗಿಗೂ ಹೋಲಿಕೆನೇ ಇಲ್ಲ. ಹವಾಮಾನ ರೇಡಾರ್, ಉಪಗ್ರಹದ ದಾರಿ, ಬೆಟ್ಟ ಹತ್ರ ಬಂದ್ರೆ ಕೂಗಿ ಹೇಳೋ ಯಂತ್ರ, ಗಂಟೆಗಟ್ಟಲೆ ಸಿಮ್ಯುಲೇಟರ್. ಹಳೇ ಆವ್ರೋ ಸಾಗಣೆ ವಿಮಾನಗಳ ಬದಲಿಗೆ 56 ಹೊಸ ಸಿ-295 ವಿಮಾನ ಬರ್ತಿವೆ, ಅದರಲ್ಲಿ 40 ವಡೋದರಾದಲ್ಲೇ ತಯಾರಾಗೋದು. ಆದ್ರೆ ಬೆಟ್ಟ ಬೆಟ್ಟನೇ, 2019ರ ಜೂನ್ 3ರಂದು ಜೋರ್ಹಾಟ್‌ನಿಂದ ಮೆಚುಕಾಗೆ ಹೊರಟ ಎಎನ್-32ರಲ್ಲಿ 13 ಜನ ಹೋದ್ರು, ಅವಶೇಷ ಸಿಕ್ಕಿದ್ದು ಎಂಟು ದಿನ ಆದ್ಮೇಲೆ, 12,000 ಅಡಿ ಎತ್ತರದ ಕಾಡಲ್ಲಿ. ಹಾಗಾಗಿ ಸೇಫ್ ಅಂತ ಸುಳ್ಳು ಹೇಳಲ್ಲ. ಹೋಗೋ ಆಸೆ ಇದ್ರೆ ಹೋಗ್ಲಿ ಬಿಡಿ, ಮೊದಲು ಗಣಿತ, ಭೌತಶಾಸ್ತ್ರ ಚೆನ್ನಾಗಿ ಓದೋಕೆ ಹೇಳಿ. ಒಂದ್ಸಲ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೇಲಿರೋ ಎಚ್‌ಎಎಲ್ ಮ್ಯೂಸಿಯಂಗೆ ಕರ್ಕೊಂಡು ಹೋಗಿ, ಇಂಜಿನ್ನುಗಳ ಹತ್ರ ಜಾಸ್ತಿ ಹೊತ್ತು ನಿಂತ್ರೆ ಪೈಲಟ್ ಬದಲು ಇಂಜಿನಿಯರ್ ಆಗೋ ಹುಡುಗ ಅಂತ ಲೆಕ್ಕ, ಅದೂ ಅಷ್ಟೇ ಬೇಕಾದ ಕೆಲಸ.